ಮೂಸದ ಹೂವು

ಊರಿನ ಬಸ್ಸಿನಿಂದ ಬಂದ ಮಲ್ಲಿಗೆಯ ಕಟ್ಟು ಬಿಚ್ಚುವಾಗ ವಿನೋದಿನಿ ಹೂವನ್ನು ನೋಡುತ್ತಿರಲಿಲ್ಲ. ಎದುರಿನ ಸ್ಟೂಲಿನ ಮೇಲೆ ಕೂತ ಅತ್ತೆಯ ಮುಖವನ್ನು ನೋಡುತ್ತಿದ್ದಳು. ಬಾಳೆನಾರು ಕತ್ತರಿಸಿ ಮೇಲಿನ ಒದ್ದೆ ಎಲೆಯನ್ನು ಸರಿಸಿದ ಕೂಡಲೇ ವಾರಿಜಕ್ಕನ ಮೂಗಿನ ಹೊಳ್ಳೆ ಸ್ವಲ್ಪ ಅರಳಿ ಹುಬ್ಬು ಸಡಿಲವಾದರೆ ಹೂವು ಚೆನ್ನಾಗಿದೆ ಎಂದರ್ಥ. ತುಟಿ ಒಂದು ಬದಿಗೆ ಸರಿದರೆ ಕಟ್ಟು ಬಸ್ಸಿನ ಬಿಸಿಗೆ ಬೆಂದಿದೆ, ಅದನ್ನು ಬೇರೆ ಇಡಬೇಕು. ಅತ್ತೆ ಬಾಯಿ ತೆರೆಯುವ ಮೊದಲೇ ವಿನೋದಿನಿ ಹೇಳಿಬಿಡುತ್ತಿದ್ದಳು: "ಇವತ್ತಿನದು ಅಷ್ಟು ಸುಖ ಇಲ್ಲ ಮಾಮಿ." ವಾರಿಜಕ್ಕ ತಲೆಯಾಡಿಸುತ್ತಿದ್ದರು. ಸೊಸೆಗೆ ಹೂವು ಗೊತ್ತಿದೆ ಎಂದು ಅವರಿಗೆ ಸಮಾಧಾನ.

ವಿನೋದಿನಿಗೆ ವಾಸನೆಯೇ ಬರುತ್ತಿರಲಿಲ್ಲ. ನಾಲ್ಕು ವರ್ಷಗಳಿಂದ.

ಕೊರೊನಾದ ಎರಡನೇ ಅಲೆಯ ಜ್ವರ ಮನೆಯವರನ್ನೆಲ್ಲ ಮಲಗಿಸಿತ್ತು. ಮಾವನೊಬ್ಬರನ್ನು ಬಿಟ್ಟು ಉಳಿದವರೆಲ್ಲ ಎದ್ದರು. ಅವರ ಉತ್ತರಕ್ರಿಯೆಯ ದಿನ ಊದುಬತ್ತಿ ಹಚ್ಚುವಾಗ ಅವಳಿಗೆ ಹೊಗೆ ಕಂಡಿತೇ ಹೊರತು ಬೇರೇನೂ ತಿಳಿಯಲಿಲ್ಲ. ಯಜಮಾನನೇ ಹೋದ ಮನೆಯಲ್ಲಿ ನನ್ನ ಮೂಗು ಹೋಯಿತು ಎಂದು ಯಾರ ಮುಂದೆ ಹೇಳುವುದು? ಬರುತ್ತದೆ ಎಂದು ಕಾದಳು. ಮಲಾಡಿನ ಒಬ್ಬ ಡಾಕ್ಟರಿಗೆ ಗುಟ್ಟಾಗಿ ತೋರಿಸಿದಳು. ಅವರೂ ಬರುತ್ತದೆ ಎಂದರು. ಬರಲಿಲ್ಲ. ಹೇಳಬೇಕಾದ ಹೊತ್ತಿಗೆ ಹೇಳದೆ ಉಳಿದ ಮಾತು ಆಮೇಲೆ ಸುಳ್ಳಾಗಿ ಬೆಳೆಯಿತು.

ಆಗಿನಿಂದ ಅವಳು ಎಲ್ಲವನ್ನೂ ಕಣ್ಣಿನಲ್ಲಿ, ಬೆರಳಿನಲ್ಲಿ ನಡೆಸಿಕೊಂಡು ಬಂದಿದ್ದಳು. ಹಾಲು ಇಟ್ಟರೆ ಮೊಬೈಲಿನಲ್ಲಿ ಅಲಾರಂ. ಬಟಾಟೆಯ ಗೋಣಿಯಲ್ಲಿ ಕೊಳೆತದ್ದನ್ನು ಹೆಬ್ಬೆರಳಿನಿಂದ ಒತ್ತಿ ಹುಡುಕುವುದು. ಮೀನಿನ ಸಾರು ನಿನ್ನೆಯದಾದರೆ ಮಗಳ ಮೊದಲ ತುತ್ತನ್ನು ಕಾಯುವುದು. ಗ್ಯಾಸಿನ ಗುಬ್ಬಿಯನ್ನಂತೂ ಎಷ್ಟು ಸಲ ಮುಟ್ಟಿ ನೋಡಿದರೂ ಸಾಲದು. ಕೆಳಗೆ ಅಂಗಡಿಗೆ ಇಳಿದವಳು ಮತ್ತೆ ಲಿಫ್ಟು ಹತ್ತಿ ಬಂದು ನೋಡುತ್ತಿದ್ದಳು. "ಮಮ್ಮಿಗೆ ಓಸಿಡಿ" ಎಂದು ಯಕ್ಷಿತಾ ನಗುತ್ತಿದ್ದಳು. ಗಂಡ ಧನರಾಜನೂ ಮಗಳ ಜೊತೆ ಸೇರಿ ನಗುತ್ತಿದ್ದ. ನಗಲಿ ಎಂದು ಅವಳೂ ಬಿಟ್ಟಿದ್ದಳು.

ಅವಳನ್ನು ಇಷ್ಟು ಕಾಲ ಕಾಪಾಡಿದ್ದು ಅಂಗಡಿಯದೇ ಒಂದು ಕಟ್ಟಳೆ. ಅಲ್ಲಿ ಯಾರೂ ಹೂವನ್ನು ಮೂಗಿನ ಹತ್ತಿರ ಹಿಡಿಯಬಾರದು. ಸುತ್ತಿಟ್ಟ ಮಾಲೆಯ ಯಾವ ಚೆಂಡು ದೇವರಿಗೆ, ಯಾವುದು ತಲೆಗೆ ಎಂದು ಮಾರುವವರಿಗೆ ಗೊತ್ತಿರುವುದಿಲ್ಲ. ಮೂಸಿದ ಹೂವು ದೇವರಿಗೆ ಸಲ್ಲುವುದಿಲ್ಲ. ಕಟ್ಟು ಬಿಚ್ಚುವಾಗ ತಾನಾಗಿ ಎದ್ದು ಬಂದ ವಾಸನೆಯಿಂದಲೇ ತಿಳಿದುಕೊಳ್ಳಬೇಕು. ತಿಳಿಯದ ಗಿರಾಕಿ ಯಾರಾದರೂ ಮೂಸಿದರೆ ವಾರಿಜಕ್ಕ ಆ ಚೆಂಡನ್ನು ಅವರ ಕೈಗೇ ಕಟ್ಟಿ ಕಳಿಸುತ್ತಿದ್ದರು, ಮತ್ತೆ ಬುಟ್ಟಿಗೆ ಹಾಕಿಸುತ್ತಿರಲಿಲ್ಲ. ಹಾಗಾಗಿ 'ಮೂಸಿ ನೋಡು' ಎಂದು ವಿನೋದಿನಿಗೆ ಹೇಳುವವರು ಇರಲಿಲ್ಲ.

ಆ ಅಂಗಡಿ ಶುರುವಾದದ್ದು ಹೂವಿನಿಂದಲ್ಲ, ಬಾಳೆಲೆಯಿಂದ. ಮಾವ ಸೀನ ಶಿರ್ವದ ಕಡೆಯಿಂದ ಹುಡುಗನಾಗಿದ್ದಾಗ ಬಂದು ಬಾಂದ್ರಾದ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತಿದ್ದರು. ಎಲೆ, ಕರಿಬೇವು ತರಲು ಧಣಿಗಳು ಅವರನ್ನು ದಾದರಿಗೆ ಕಳಿಸುತ್ತಿದ್ದರು. ತಂದ ಎಲೆ ಹರಿದಿರುತ್ತಿರಲಿಲ್ಲ ಎಂಬುದು ಅಕ್ಕಪಕ್ಕದ ಹೋಟೆಲಿನವರ ಕಣ್ಣಿಗೆ ಬಿತ್ತು. ಲೋಕಲ್ ರೈಲಿನ ಲಗೇಜು ಡಬ್ಬಿಯಲ್ಲಿ ಎಲೆಯ ಸುರುಳಿಗಳನ್ನು ಮಗುವಿನಂತೆ ಎದೆಗೆ ಒತ್ತಿ ಹಿಡಿದು ಬಾಂದ್ರಾದಿಂದ ಬೊರಿವಲಿಯವರೆಗೆ ಹಂಚುತ್ತಿದ್ದರಂತೆ. ಆಮೇಲೆ ಗೋರೆಗಾಂವಿನಲ್ಲಿ ಫುಟ್‌ಪಾತಿನ ಮೇಲೊಂದು ಗೋಣಿ. ಅದರ ಮೇಲೆ ಬಸಳೆ, ಹರಿವೆ, ಕೆಸುವಿನೆಲೆ, ಮಂಗಳೂರು ಸೌತೆ. ಮತ್ತೆ ಚಾಳಿನ ಎದುರು ಭಾಗದಲ್ಲೊಂದು ಅಂಗಡಿ ಗಾಳಾ, ಬಾಗಿಲು ಮುಚ್ಚಿದರೆ ಒಳಗೆ ಇಬ್ಬರು ನಿಲ್ಲಲಾಗದಷ್ಟು ಚಿಕ್ಕದು.

ಹೂವು ಬಂದದ್ದು ವಾರಿಜಕ್ಕನ ಜೊತೆಗೆ. ಮದುವೆಯಾಗಿ ಬಂದ ಹೊಸತರಲ್ಲಿ ಅವರಿಗೆ ಈ ಊರಿನ ಮೊಗ್ರ ಮಲ್ಲಿಗೆ ಹಿಡಿಸಲಿಲ್ಲ. ದಪ್ಪ, ಬಿಡಿಬಿಡಿ, ಸಂಜೆಗೆ ಕೆಂಪು. ತವರಿನವರು ಶಂಕರಪುರದ ಹತ್ತಿರ ಮಲ್ಲಿಗೆ ಗಿಡ ಬೆಳೆಸಿದವರು. ಅವರು ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಕಟ್ಟು ಕಳಿಸಿದರು. ಅವನು ಅದನ್ನು ತನ್ನ ಸೀಟಿನ ಮೇಲಿಟ್ಟು ತಾನು ನಿಂತೇ ಬಂದನಂತೆ. ವಾರಿಜಕ್ಕ ಎರಡು ಚೆಂಡು ತಾವು ಮುಡಿದು ಉಳಿದದ್ದನ್ನು ಸೌತೆಕಾಯಿಯ ಪಕ್ಕದಲ್ಲಿಟ್ಟರು. ಮಧ್ಯಾಹ್ನದೊಳಗೆ ಎಲ್ಲಿಂದೆಲ್ಲಿಂದಲೋ ಊರಿನ ಹೆಂಗಸರು ಬಂದು ನಿಂತಿದ್ದರು. ಹೂವಿಗೆ ಬಂದವರು ಬಸಳೆಯನ್ನೂ ಕೊಂಡು ಹೋದರು. ಆಮೇಲೆ ಎಡಗಡೆ ಒಂದು ಹಲಗೆ ಬಿತ್ತು. ಹಲಗೆಯ ಮೇಲೆ ಹೂವು, ಕೆಳಗೆ ತರಕಾರಿ. ಚಾಳು ಕೆಡವಿ ಟವರು ಕಟ್ಟಿ ಅದರ ನೆಲಮಹಡಿಯಲ್ಲಿ ಅಂಗಡಿಯನ್ನೂ ಮೇಲೊಂದು ಫ್ಲಾಟನ್ನೂ ಕೊಟ್ಟಾಗಲೂ ಅದೇ ಹಲಗೆ ಹೊಸ ಟೈಲ್ಸಿನ ಮೇಲೆ ಬಂತು.

ಮೂಲ್ಕಿಯಿಂದ ಮದುವೆಯಾಗಿ ಬಂದ ವಿನೋದಿನಿಯನ್ನು ಆ ಹಲಗೆಯ ಮೇಲೆ ಕೂರಿಸಿದ್ದು ಮಾವನೇ. "ಬಿ.ಕಾಂ. ಕಲಿತವಳು ಈರುಳ್ಳಿ ತೂಗುವುದು ಬೇಡ" ಎಂದಿದ್ದರು. ಈರುಳ್ಳಿ ತೂಗುವಾಗ ಅವಳು ಧನರಾಜನ ಹೆಂಡತಿ. ಹಲಗೆಯ ಮೇಲೆ ಕೂತರೆ ಅವಳು ವಿನೋದಿನಿ. ಬೊರಿವಲಿಯಿಂದ ಬಂದ ಮದುಮಗಳ ತಾಯಿ ಅವಳನ್ನು ಹೆಸರು ಹಿಡಿದು ಕೇಳಿಕೊಂಡು ಬರುತ್ತಿದ್ದಳು. ಅವಳದೆಂದು ಇದ್ದ ಜಾಗ ಅದೊಂದೇ.

ಧನರಾಜನಿಗೆ ಆ ಜಾಗ ಬೇಕಾಗಿತ್ತು. ಟವರಿನವರು ಈಗ ಕೆಳಗಿಳಿದು ಬರುವುದಿಲ್ಲ, ವಾಟ್ಸಾಪಿನಲ್ಲಿ ಬ್ರೊಕೋಲಿ, ಸುಲಿದ ಬೆಳ್ಳುಳ್ಳಿ, ಹೆಚ್ಚಿದ ಬೀನ್ಸು ಕೇಳುತ್ತಾರೆ. ಅದಕ್ಕೊಂದು ಗಾಜಿನ ಬಾಗಿಲಿನ ಕೂಲರು ಬೇಕು. ಇಡಲು ಇರುವ ಜಾಗವೆಂದರೆ ಹಲಗೆಯದ್ದೇ. "ವಿನೋದಿನಿ ಕೂತಷ್ಟು ದಿನ ಹೂವು ಇರ್ತದೆ. ಅವಳ ಕೈ ತಪ್ಪಿದ ದಿನ ನಿನ್ನ ಪೆಟ್ಟಿಗೆ ತಂದಿಡು" ಎಂದು ವಾರಿಜಕ್ಕ ಹೇಳಿದ್ದರು. ಅಮ್ಮನ ಮಾತಿಗೆ ಧನರಾಜ ಎದುರಾಡುತ್ತಿರಲಿಲ್ಲ. ಕೈ ತಪ್ಪುವುದನ್ನು ಕಾಯುತ್ತಿದ್ದ ಎಂದು ಹೇಳಿದರೆ ಅನ್ಯಾಯವಾದೀತು. ಆದರೆ ಕೂಲರಿನ ಅಳತೆ ಮಾತ್ರ ತೆಗೆದಿಟ್ಟಿದ್ದ.

ಈ ಮಳೆಗಾಲದಲ್ಲಿ ವಾರಿಜಕ್ಕನ ಮೊಣಕಾಲಿನ ಆಪರೇಷನ್ ಆಯಿತು. ಅವರು ಕೆಳಗೆ ಇಳಿಯುವುದು ನಿಂತಿತು. ಮೊದಲ ದಿನ ವಿನೋದಿನಿ ಒಬ್ಬಳೇ ಕಟ್ಟಿನ ಮುಂದೆ ಕೂತಳು. ಎದುರಿನ ಸ್ಟೂಲು ಖಾಲಿ. ಬಸ್ಸು ಬರುವ ಹೊತ್ತಿಗೆ ಧನರಾಜ ತರಕಾರಿಗೆ ವಾಶಿ ಮಾರ್ಕೆಟಿನಲ್ಲಿರುತ್ತಿದ್ದ. ಯಕ್ಷಿತಾ ಇನ್ನೂ ಎದ್ದಿರುತ್ತಿರಲಿಲ್ಲ. ವಿನೋದಿನಿ ಕಟ್ಟಿನೊಳಗೆ ಅಂಗೈ ಇಟ್ಟು ಬಿಸಿ ನೋಡುತ್ತಿದ್ದಳು, ಮೊಗ್ಗನ್ನು ಟಾರ್ಚಿನ ಬೆಳಕಿನಲ್ಲಿ ತಿರುಗಿಸುತ್ತಿದ್ದಳು, ತೊಟ್ಟಿನ ಹಸಿರನ್ನು ಉಗುರಿನಿಂದ ಕೆರೆಯುತ್ತಿದ್ದಳು. ಮಳೆಗಾಲದ ಹೂವು ಕಡಿಮೆ, ಗಿರಾಕಿಗಳೂ ದೂರುವುದು ಕಡಿಮೆ. ಕೆಲವು ವಾರ ಹಾಗೆಯೇ ದಾಟಿದವು. ಹೆದರಿಕೆಗೂ ಒಂದು ಅಭ್ಯಾಸವಾಗುತ್ತದೆ.

ಶ್ರಾವಣದ ಒಂದು ಭಾನುವಾರ ಅಂಗಡಿಯ ಹಳೆಯ ಗಿರಾಕಿ ಶೈಲಕ್ಕನ ಮಗಳು ಶ್ರಾವ್ಯಾಳ ಸೀಮಂತ. ಶೈಲಕ್ಕನ ಗಂಡನಿಗೆ ಬಾಂದ್ರಾದಲ್ಲಿ ಹೋಟೆಲು. ಸೀನಣ್ಣನ ಎಲೆಯಿಂದಲೇ ಶುರುವಾದ ಹೋಟೆಲು ಎಂದು ಅವರೇ ಹೇಳುತ್ತಿದ್ದರು. ಬಸುರಿಯ ಜಡೆ ತುಂಬ ಹಾಕಲು ಮಲ್ಲಿಗೆ ಬೇಕೆಂದು ವಾರದ ಮೊದಲೇ ಹೇಳಿಟ್ಟಿದ್ದರು.

ಆ ಬೆಳಿಗ್ಗೆ ಬಂದ ಕಟ್ಟು ಹೊರಗಿನಿಂದ ಒದ್ದೆಯಾಗಿತ್ತು. ಘಾಟಿಯಲ್ಲಿ ಮಳೆ ಇರಬೇಕು ಎಂದುಕೊಂಡು ವಿನೋದಿನಿ ಒರೆಸಿದಳು. ಒಳಗೆ ಅಂಗೈ ಇಟ್ಟಳು, ತಣ್ಣಗಿತ್ತು. ಮೊಗ್ಗುಗಳು ಬೆಳ್ಳಗೆ, ಬಿಗಿಯಾಗಿ, ಒಂದೂ ಕಂದಿರಲಿಲ್ಲ. ಇಷ್ಟು ಒಳ್ಳೆಯ ಹೂವು ಈ ಮಳೆಗಾಲದಲ್ಲೇ ಬಂದಿರಲಿಲ್ಲ ಎಂದು ಅವಳಿಗೆ ಸಂತೋಷವಾಯಿತು. ಹೊಸ ಬಾಳೆಲೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದ ಬಾಯಿ ಬಿಗಿದು, ಶೈಲಕ್ಕ ಕಳಿಸಿದ ರಿಕ್ಷಾದವನ ಕೈಗೆ ಕೊಟ್ಟಳು.

ಹನ್ನೆರಡರ ಸುಮಾರಿಗೆ ಫೋನು ಬಂತು.

"ವಿನೋದಿನಿ, ನೀನು ಕಳಿಸಿದ್ದು ಮಲ್ಲಿಗೆಯಾ, ಸಿಗಡಿಯಾ?"

"ಎಂತ ಶೈಲಕ್ಕ?"

"ಎಂತ ಅಂತ ನನ್ನನ್ನು ಕೇಳ್ತೀಯಾ? ಆರತಿಗೆ ಕೂತ ಹುಡುಗಿ ಬಾಯಿಗೆ ಸೆರಗು ಹಿಡ್ಕೊಂಡು ಬಾತ್‌ರೂಮಿಗೆ ಓಡಿದ್ಳು. ನಾವು ಬಸುರಿಯ ವಾಂತಿ ಅಂತ ನಿಂಬೆಹಣ್ಣು ಹುಡುಕ್ತಾ ಇದ್ದೇವೆ. ಅವಳ ಅತ್ತೆ ಬೆನ್ನು ಉಜ್ಜಲಿಕ್ಕೆ ಹೋದವರು ಜಡೆ ಹತ್ತಿರ ಬಗ್ಗಿದ್ರು ನೋಡು... ಒಣಮೀನಿನ ವಾಸನೆ! ಸೀಮಂತದ ಹೂವಿಗೆ!"

ವಿನೋದಿನಿ ಅಂಗಡಿಯ ಹೊರಗಿಟ್ಟ ತಕ್ಕಡಿಯ ಅಂಚನ್ನು ಹಿಡಿದುಕೊಂಡಳು.

"ಆ ಬ್ಯೂಟಿಷಿಯನ್ ಡಬ್ಬಿಗಟ್ಟಲೆ ಸ್ಪ್ರೇ ಹೊಡೆದಿದ್ದಳು, ನಮಗೆ ಯಾರಿಗೂ ಗೊತ್ತಾಗ್ಲಿಲ್ಲ. ತಲೆ ಬಿಸಿಯಾದ ಮೇಲೆ ಎದ್ದದ್ದು ಮಾರಾಯ್ತಿ. ಗಂಡಿನ ಕಡೆಯವರು ಮುಸುಮುಸು ನಗ್ತಾರೆ. ನೀನು ಬಿಚ್ಚುವಾಗ ಮೂಗನ್ನು ಮನೆಯಲ್ಲಿ ಇಟ್ಟು ಬಂದಿದ್ಯಾ?"

"ಬಸ್ಸಿನಲ್ಲಿ ಎಂತದೋ ಆಗಿರ್ಬೇಕು ಶೈಲಕ್ಕ. ನಾನು ಬೇರೆ ಹೂ ಈಗಲೇ..."

"ಇನ್ನು ಹೂ ಬೇಡ. ಯಾವ ಅಂಗಡಿಯದ್ದು ಅಂತ ಎಲ್ಲರೂ ಕೇಳ್ತಿದ್ದಾರೆ. ಸೀನಣ್ಣನ ಹೆಸರು ಹೇಳ್ಲಿಕ್ಕೆ ನಾಲಿಗೆ ಬರ್ಲಿಲ್ಲ ನನಗೆ. ನಿನ್ನ ಹೂವನ್ನು ರಿಕ್ಷಾದಲ್ಲಿ ವಾಪಾಸು ಕಳಿಸಿದ್ದೇನೆ. ವಾರಿಜಕ್ಕನಿಗೆ ತೋರಿಸು. ಈಗಷ್ಟೆ ಅವರಿಗೂ ಫೋನ್ ಮಾಡಿ ಹೇಳಿ ಆಯ್ತು."

ಫೋನು ಇಟ್ಟ ಮೇಲೂ ವಿನೋದಿನಿಯ ಕಿವಿಯಲ್ಲಿ ಕೊನೆಯ ಮಾತೇ ಉಳಿಯಿತು. ಅತ್ತೆಗೆ ಹೇಳಿ ಆಗಿದೆ.

ಧನರಾಜ ವಾಶಿಯಿಂದ ಬಂದು ಕ್ರೇಟು ಇಳಿಸುತ್ತಿದ್ದ. ವಿಷಯ ಕೇಳಿದ ಕೂಡಲೇ ಬಸ್ಸಿನ ಆಫೀಸಿಗೆ ಫೋನು ಹಚ್ಚಿ ರಸ್ತೆಗೆ ಕೇಳುವ ಹಾಗೆ ಕೂಗಾಡಿದ. ಡಿಕ್ಕಿಯಲ್ಲಿ ಒಣಸಿಗಡಿಯ ಚೀಲ ಒಡೆದು, ಮಳೆನೀರು ನುಗ್ಗಿ, ಎಲ್ಲ ಒಂದಾಗಿತ್ತಂತೆ. ಚೀಲ ಒಡೆದದ್ದನ್ನು ಅವರು ಒಪ್ಪಿಕೊಂಡರು. ಆದರೆ ತಪ್ಪನ್ನು ಒಪ್ಪಲಿಲ್ಲ.

"ಕಟ್ಟು ಬಿಚ್ಚಿದವರು ನೀವಲ್ವಾ? ಕೊಡುವ ಮುಂಚೆ ಒಮ್ಮೆ ಮೂಸಿ ನೋಡ್ಲಿಕ್ಕೆ ಎಂತ ಧಾಡಿ?"

"ದೇವರ ಹೂವನ್ನು ನಾವು ಮೂಸುವುದಿಲ್ಲ!"

"ಹಾಗಾದ್ರೆ ದೇವರನ್ನೇ ಕೇಳಿ ಧಣಿ" ಎಂದು ಆ ಕಡೆಯವನು ಫೋನು ಕಟ್ ಮಾಡಿದ.

ಧನರಾಜ ಮೊಬೈಲನ್ನು ಟೊಮೇಟೊ ಕ್ರೇಟಿನ ಮೇಲೆ ಎಸೆದು ಹೆಂಡತಿಯ ಕಡೆ ತಿರುಗಿದ. "ನಿನಗೆ ಬಿಚ್ಚುವಾಗ ಗೊತ್ತಾಗ್ಲಿಲ್ವಾ?"

"ಶೀತ. ಬೆಳಿಗ್ಗೆಯಿಂದ ಮೂಗು ಕಟ್ಟಿದೆ" ಎಂದಳು. ಇಷ್ಟು ಸುಲಭವಾಗಿ ಬಾಯಿಗೆ ಬಂದ ಮಾತಿಗೆ ಅವಳೇ ಬೆಚ್ಚಿದಳು.

"ಶೀತ ಇದ್ರೆ ಹೇಳ್ಬೇಕಲ್ವಾ?" ಅವನು ಹಲಗೆಯ ಅಂಚನ್ನು ಬೆರಳಿನಿಂದ ತಟ್ಟಿದ. "ನೋಡು ವಿನು, ನಾನು ನಿನ್ನನ್ನು ಬಯ್ಯುವುದಿಲ್ಲ. ಆದ್ರೆ ಇಷ್ಟೆಲ್ಲ ಯಾಕೆ? ಕೂಲರು ಬಂದ್ರೆ ಎಂತ ವಾಸನೆಯೂ ಇಲ್ಲ, ಎಂತ ದೇವರೂ ಇಲ್ಲ. ಅಮ್ಮ ಒಂದು ಮಾತು ಹೇಳಿದ್ರೆ ನಾಳೆಯೇ ನಿಲ್ಲಿಸುವ."

ಅಷ್ಟರಲ್ಲಿ ಯಕ್ಷಿತಾ ಲಿಫ್ಟಿನಿಂದ ಇಳಿದು ಬಂದಳು. ರಿಕ್ಷಾದವನು ಚೀಲವನ್ನು ಗೇಟಿನ ಹತ್ತಿರ ಅವಳ ಕೈಯಲ್ಲೇ ಕೊಟ್ಟು ಹೋಗಿದ್ದ. ಅದನ್ನು ಬೆರಳ ತುದಿಯಲ್ಲಿ ದೂರ ಹಿಡಿದಿದ್ದಳು. "ಛೀ ಮಮ್ಮಿ, ಕ್ಯಾ ಗಬ್ಬುವಾಸನೆ ಹೈ! ಅಜ್ಜಿ ಮೇಲೆ ಬಾ ಅಂದ್ರು. ಯೇ ಭೀ ತಗೊಂಡು."

ಮಗಳ ಮುಖ ಕಿವುಚಿಕೊಂಡಿದ್ದನ್ನು ನೋಡಿ ವಿನೋದಿನಿಗೆ ಆ ವಾಸನೆ ಎಷ್ಟು ಜೋರಿರಬಹುದು ಎಂದು ಮೊದಲ ಸಲ ತಿಳಿಯಿತು.

ವಾರಿಜಕ್ಕ ಅಂಗಡಿಯ ಮುಂಭಾಗ ಕಾಣುವ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕಾಲು ನೀಡಿ ಕೂತಿದ್ದರು. ಚೀಲ ತೆಗೆದುಕೊಂಡು ಗಂಟು ಬಿಚ್ಚಿದರು. ಮುಖ ಹಿಂದಕ್ಕೆ ಸೆಳೆದುಕೊಂಡರು.

"ಒಂದು ಗ್ಲಾಸು ನೀರು ಕೊಡು."

ವಿನೋದಿನಿ ಅಡುಗೆಮನೆಗೆ ಹೋಗಿ ನೀರು ತಂದಳು. ವಾರಿಜಕ್ಕ ಒಂದು ತುಂಡು ಮಾಲೆಯನ್ನು ಅಂಗೈಯಲ್ಲಿ ಮುದ್ದೆ ಮಾಡಿ ಹಿಡಿದಿದ್ದರು. ಅಂಚು ಕಂದಿತ್ತು. ಜಡೆಯ ಬಿಸಿಗೆ ಕಂದಿರಬೇಕು.

"ಮೂಸು" ಎಂದರು.

"ಮಾಮಿ?"

"ಇನ್ನು ಇದು ಯಾವ ದೇವರಿಗೂ ಹೋಗ್ಲಿಕ್ಕಿಲ್ಲ. ಮೂಸಿ ಹೇಳು, ಎಂತ ವಾಸನೆ."

ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲಿ ವಿನೋದಿನಿ ಹೂವನ್ನು ಮೂಗಿನ ಹತ್ತಿರ ತಂದದ್ದು ಅದೇ ಮೊದಲು. ಎಸಳುಗಳು ತುಟಿಗೆ ತಾಗಿದವು. ಉಸಿರು ಎಳೆದಳು. ಒಳಗೆ ಹೋದದ್ದು ಬರೀ ಗಾಳಿ. ಕಣ್ಣೆತ್ತಿ ಅತ್ತೆಯ ಮುಖ ನೋಡಿದಳು. ಇಷ್ಟು ವರ್ಷ ಅವಳಿಗೆ ಎಲ್ಲವನ್ನೂ ಹೇಳಿದ್ದ ಮುಖ ಈಗ ಮುಚ್ಚಿದ ಬಾಗಿಲಿನಂತಿತ್ತು.

"ಮೀನಿನ ವಾಸನೆ ಮಾಮಿ. ಒಣಸಿಗಡಿಯದ್ದು. ಥೂ, ಗಂಟಲಿಗೇ ಇಳೀತದೆ."

ವಾರಿಜಕ್ಕ ಚೀಲದ ಬಾಯಿಗೆ ಮತ್ತೆ ಗಂಟು ಹಾಕಿದರು.

"ಅದು ನಿನ್ನ ಮಾವನ ಫೋಟೋದಿಂದ ತೆಗೆದದ್ದು" ಎಂದರು. "ನಿನ್ನೆ ನೀನೇ ಹಾಕಿದ ಹೂವು."

ವಿನೋದಿನಿ ಗೋಡೆಯ ಕಡೆ ನೋಡಿದಳು. ಕುರ್ಚಿಯಿಂದ ಕೈಗೆ ಸಿಗುವಷ್ಟು ಹತ್ತಿರದಲ್ಲಿ ಮಾವನ ಫೋಟೋ ಬರಿದಾಗಿತ್ತು. ಅವಳ ಕೈಯಲ್ಲಿದ್ದ ಹೂವಿಗೆ ಮಲ್ಲಿಗೆಯದ್ದಲ್ಲದೆ ಬೇರೆ ವಾಸನೆ ಇರಲು ಸಾಧ್ಯವಿರಲಿಲ್ಲ.

"ಯಾವಾಗಿನಿಂದ?"

"ಮಾವ ಹೋದಾಗಿನಿಂದ."

"ಶೈಲಾ ಫೋನು ಮಾಡಿದಾಗ ನಾನು ಕಿಟಕಿಯಿಂದ ನಿನ್ನನ್ನು ನೋಡ್ತಾ ಇದ್ದೆ. ನಿನಗೆ ಸಿಟ್ಟು ಬರ್ಲಿಲ್ಲ. ಹೂವಿನವಳಿಗೆ ಮೊದಲು ಸಿಟ್ಟು ಬರ್ಬೇಕು, ಹಾಗೆ ಆಗ್ಲಿಕ್ಕೇ ಸಾಧ್ಯ ಇಲ್ಲ ಅಂತ ಹೇಳ್ಬೇಕು. ನೀನು ಹೆದರಿ ನಿಂತೆ." ವಾರಿಜಕ್ಕನ ಧ್ವನಿ ಏರಲಿಲ್ಲ. "ನಾಲ್ಕು ವರ್ಷ ನನ್ನ ಮೂಗಿನಲ್ಲಿ ವ್ಯಾಪಾರ ಮಾಡಿದೆ ನೀನು. ನಾನು ಮೇಲೆ ಬಂದು ಕೂತ ಮೇಲೆ ಯಾರ ಮೂಗಿನಲ್ಲಿ ಮಾಡಿದೆ?"

"ಹೇಳಿದ್ರೆ ನನ್ನನ್ನು ಹಲಗೆಯಿಂದ ಏಳಿಸ್ತಿದ್ರಿ."

"ಏಳಿಸ್ತಿದ್ದೆ" ಎಂದರು ವಾರಿಜಕ್ಕ. "ಮತ್ತೆಂತ ಮಾಡ್ಬೇಕಿತ್ತು? ಮಾಲೆ ಕಟ್ಟಲಿಕ್ಕೆ ಯಾರಿಗೂ ಬರ್ತದೆ. ಕಣ್ಣು ಮುಚ್ಚಿ ತಗೊಂಡು ಹೋಗ್ತಾರಲ್ಲ ಜನ, ಅದು ಸುಮ್ಮನೆಯಾ? ಆ ಹುಡುಗಿ ಹೊಟ್ಟೆಯಲ್ಲಿ ಮಗು ಇಟ್ಕೊಂಡು ಎಲ್ಲರ ಎದುರು ವಾಂತಿ ಮಾಡಿದ್ಳು."

ವಿನೋದಿನಿಗೆ ಈ ಮಾತಿಗೆ ಅಳುವುದೂ ಒಂದು ತಪ್ಪಿಸಿಕೊಳ್ಳುವ ದಾರಿ ಎನ್ನಿಸಿ ಅಳಲಿಲ್ಲ.

"ಧನುವಿಗೆ ನಾನು ಇದನ್ನು ಹೇಳುವುದಿಲ್ಲ" ಎಂದು ವಾರಿಜಕ್ಕ ಮುಂದುವರಿಸಿದರು. "ಸೊಸೆಯ ಮರ್ಯಾದೆ ತೆಗೆದು ನನಗೆ ಎಂತ ಆಗ್ಬೇಕು? ಆದ್ರೆ ಹೂವು ಸಾಕು."

ಮಧ್ಯಾಹ್ನದ ಊಟಕ್ಕೆ ಬಂದ ಧನರಾಜ ಕೈ ತೊಳೆಯುತ್ತಿದ್ದಾಗಲೇ ಅವರು ಹೇಳಿಬಿಟ್ಟರು. "ಧನು, ನನ್ನ ಕಾಲು ಇನ್ನು ಕೆಳಗೆ ಇಳಿಯುವ ಹಾಗೆ ಕಾಣುವುದಿಲ್ಲ. ನೋಡುವವರಿಲ್ಲದೆ ಹೂವು ಬೇಡ. ಊರಿಗೆ ಫೋನು ಮಾಡಿ ನಿಲ್ಲಿಸ್ಲಿಕ್ಕೆ ಹೇಳು. ನಿನ್ನ ಪೆಟ್ಟಿಗೆ ತಂದಿಡು."

ಧನರಾಜ ಒದ್ದೆ ಕೈಯಲ್ಲೇ ನಿಂತ. ಇಷ್ಟು ವರ್ಷ ಕಾದದ್ದು ಕೇಳದೆಯೇ ಸಿಕ್ಕಿದರೆ ಮನುಷ್ಯನಿಗೆ ಅನುಮಾನವೇ ಮೊದಲು ಬರುತ್ತದೆ. "ನೀನಾಗಿ ಹೇಳ್ತಿದ್ದೀಯಾ ಅಮ್ಮ? ಇವಳಿಗೆ ಬೇಜಾರಾಗುದಿಲ್ವಾ?"

"ಅವಳು ಒಪ್ಪಿದ್ದಾಳೆ."

ವಿನೋದಿನಿ ತಟ್ಟೆ ಇಡುತ್ತಿದ್ದಳು. ಸುಮ್ಮನಿದ್ದರೆ ಮುಗಿಯಿತು. ಶೀತ ಎಂಬ ಸುಳ್ಳು ಉಳಿಯುತ್ತದೆ, ಮರ್ಯಾದೆ ಉಳಿಯುತ್ತದೆ. ನಾಳೆಯಿಂದ ಅವಳು ಸುಲಿದ ಬೆಳ್ಳುಳ್ಳಿಯನ್ನು ಪ್ಯಾಕೆಟ್ಟಿಗೆ ತುಂಬಬಹುದು. ಅದಕ್ಕೆ ಮೂಗು ಬೇಡ, ಹೆದರಿಕೆಯೂ ಬೇಡ. ಎಂಥ ನೆಮ್ಮದಿ ಎಂದು ಒಂದು ಕ್ಷಣ ನಿಜವಾಗಿಯೂ ಅನ್ನಿಸಿತು. ಆ ನೆಮ್ಮದಿಯನ್ನು ಕಂಡೇ ಅವಳಿಗೆ ಭಯವಾಯಿತು.

"ನಾನು ಒಪ್ಪಿಲ್ಲ" ಎಂದಳು. "ಮಾಮಿ ಹೇಳುವುದು ಕಾಲಿನ ದೆಸೆಯಿಂದಲ್ಲ, ನನ್ನ ಮೂಗಿನ ದೆಸೆಯಿಂದ. ನನಗೆ ಶೀತ ಆಗಿಲ್ಲ. ನನಗೆ ವಾಸನೆ ಬರುವುದೇ ಇಲ್ಲ. ಮಾವ ತೀರಿಕೊಂಡ ಜ್ವರದಲ್ಲಿ ಹೋದದ್ದು, ಮತ್ತೆ ಬರ್ಲಿಲ್ಲ."

"ಎಂತದ್ರ ವಾಸನೆ ಬರುವುದಿಲ್ಲ?"

"ಎಂತದ್ರದ್ದೂ. ಹೂವು, ಮೀನು, ಸಾಬೂನು. ನೀವು."

ಧನರಾಜ ಅಮ್ಮನ ಮುಖ ನೋಡಿದ. ವಾರಿಜಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದರು. ಅವನ ಮುಖದಲ್ಲಿ ಏನೋ ಒಂದೊಂದಾಗಿ ಕೂಡಿಕೊಳ್ಳುತ್ತಿರುವುದು ವಿನೋದಿನಿಗೆ ಕಂಡಿತು.

"ಗ್ಯಾಸು?" ಎಂದ.

"ಅದೂ."

ಅವನು ಅಡುಗೆಮನೆಗೆ ಹೋದ. ಗುಬ್ಬಿ ತಿರುಗಿಸಿದ ಸದ್ದು ಕೇಳಿಸಿತು. ಬರುವಾಗ ಮುಖ ಕೆಂಪಾಗಿತ್ತು. "ಈ ಮನೆಯಲ್ಲಿ ಮಗು ಮಲಗ್ತದೆ ವಿನು. ನಾನು ಕತ್ತಲಲ್ಲೇ ಎದ್ದು ವಾಶಿಗೆ ಹೋಗ್ತೇನೆ, ನೀವು ಮೂವರು ಬಾಗಿಲು ಹಾಕಿ ಮಲಗಿರ್ತೀರಿ. ನಿನಗೆ ಹೂವಿನ ಚಿಂತೆಯಾ?"

"ಅದಕ್ಕೇ ನಾನು ಸಾವಿರ ಸಲ ಮುಟ್ಟಿ ನೋಡ್ತಿದ್ದದ್ದು. ನೀವಿಬ್ಬರೂ ನಗ್ತಿದ್ರಿ."

ಬಾಗಿಲ ಹತ್ತಿರ ನಿಂತಿದ್ದ ಯಕ್ಷಿತಾ ಕಿವಿಯಿಂದ ಇಯರ್‌ಫೋನು ತೆಗೆದಳು. "ಮಮ್ಮಿ, ನೀನು ಹೇಳ್ಲಿಲ್ಲ ಕ್ಯೋಂ..." ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದಳು.

"ನಾಳೆ ಕಟ್ಟು ಬಿಚ್ಚುವಾಗ ನೀವು ಬಂದು ನಿಲ್ಲಿ" ಎಂದಳು ವಿನೋದಿನಿ ಗಂಡನಿಗೆ. "ನೋಡುವುದು, ಆರಿಸುವುದು, ಕಟ್ಟುವುದು ಎಲ್ಲ ನಾನು ಮಾಡ್ತೇನೆ. ಮಾಮಿ ಸಾಕು ಅಂದ್ರು, ಯಕ್ಷಿತಾ ಇನ್ನೂ ಮಗು. ನೀವು ವಾಸನೆ ಒಂದು ಹೇಳಿ."

"ಮತ್ತೆ ವಾಶಿಗೆ ನಿನ್ನ ಅಪ್ಪ ಹೋಗ್ತಾರಾ? ಹೂವಿನ ಬಸ್ಸು ಬಂದ ಮೇಲೆ ಹೊರಟ್ರೆ ಮಾರ್ಕೆಟಿನಲ್ಲಿ ಸಿಗುವುದು ಉಳಿದ ಕಸ."

"ಗೊತ್ತುಂಟು."

"ಗೊತ್ತಿದ್ದೂ ಕೇಳ್ತೀಯಾ?"

"ಕೇಳ್ತೇನೆ."

ಧನರಾಜ ಅಮ್ಮನಿಗೆ ಹೇಳಿದ, "ನೀನೊಂದು ಮಾತು ಹೇಳು."

"ನಾನು ಹೇಳುವುದನ್ನು ಹೇಳಿದ್ದೇನೆ" ಎಂದರು ವಾರಿಜಕ್ಕ ಇತ್ತ ತಿರುಗದೆ. "ಅವಳು ತಾನೇ ಬಾಯಿ ಬಿಟ್ಟು ಹೇಳ್ತಾಳೆ ಅಂತ ನನಗೆ ಗೊತ್ತಿರ್ಲಿಲ್ಲ. ಇನ್ನು ಗಂಡ ಹೆಂಡತಿ ನೋಡ್ಕೊ‌ಳ್ಳಿ."

ಅವನು ತಟ್ಟೆಯ ಮುಂದೆ ಕೂತ. ಅನ್ನ ಕಲಸಿದ, ತಿನ್ನಲಿಲ್ಲ. ಯಾರ ಮುಖವನ್ನೂ ನೋಡದೆ ಹೇಳಿದ: "ಚೌತಿಯವರೆಗೆ ನಿಲ್ತೇನೆ. ಆಮೇಲೆ ನನ್ನನ್ನು ಕೇಳ್ಬಾರ್ದು. ನಾಳೆಯೇ ಗ್ಯಾಸಿಗೆ ಅದೊಂದು ಕೂಗುವ ಮಿಶಿನ್ ಸಿಗ್ತದಲ್ಲ, ಅದನ್ನು ಹಾಕಿಸ್ಬೇಕು."

ಸಂಜೆ ವಿನೋದಿನಿ ಶೈಲಕ್ಕನಿಗೆ ಫೋನು ಮಾಡಿದಳು. ಅವರು ಎತ್ತಲಿಲ್ಲ. ತಪ್ಪು ಬಸ್ಸಿನದ್ದಲ್ಲ, ನನ್ನದು ಎಂದು ವಾಟ್ಸಾಪಿನಲ್ಲಿ ಬರೆದಳು. ನೀಲಿ ಗುರುತು ಬಿತ್ತು, ಉತ್ತರ ಬರಲಿಲ್ಲ.

ಮರುದಿನ ಮಳೆ ಹಿಡಿದಿತ್ತು. ಕಟ್ಟು ಬರುವಾಗ ಧನರಾಜ ರೈನ್‌ಕೋಟು ಹಾಕಿಕೊಂಡೇ ಹಲಗೆಯ ಹತ್ತಿರ ನಿಂತಿದ್ದ, ಒಂದು ಕಣ್ಣು ವಾಶಿಗೆ ಹೋಗಬೇಕಾದ ಟೆಂಪೋದ ಮೇಲೆ. ವಿನೋದಿನಿ ನಾರು ಕತ್ತರಿಸಿ ಎಲೆ ಸರಿಸಿದಳು.

"ಎಂತ ಬರ್ತದೆ?"

"ಹೂವಿನ ವಾಸನೆ."

"ಹೇಗಿನದು?"

"ಹೇಗಿನದು ಅಂದ್ರೆ? ಹೂವಿನದ್ದು. ಮೀನಿನದ್ದಲ್ಲ. ಸಾಕಲ್ಲ?"

"ಸಾಲದು. ಮೊದಲು ತಣ್ಣಗಿನದ್ದು ಬರ್ಬೇಕು. ಹಸಿ ಬಾಳೆದಿಂಡು ಕತ್ತರಿಸಿದ ಹಾಗೆ. ಅದರ ಹಿಂದೆ ಸಿಹಿ. ಸಿಹಿಯೇ ಮೊದಲು ಬಂದ್ರೆ ಹೂವು ಹಳೆಯದು. ಹುಳಿ ತಾಗಿದ್ರೆ ಬೆಂದದ್ದು."

ಹೇಳುತ್ತಿದ್ದಂತೆ ಅವಳು ತನ್ನನ್ನೇ ಕೇಳಿಕೊಂಡಳು. ಬಾಳೆದಿಂಡಿನ ವಾಸನೆ ಹೇಗಿತ್ತು? ಸಿಹಿ ಎಂದರೆ ಯಾವ ಸಿಹಿ? ಎಲ್ಲವೂ ಬಾಯಿಗೆ ಬರುತ್ತಿತ್ತು, ಮನಸ್ಸಿಗೆ ಯಾವುದೂ ಬರುತ್ತಿರಲಿಲ್ಲ. ಅವಳಲ್ಲಿ ಉಳಿದಿದ್ದದ್ದು ಬರೀ ಮಾತು. ಅದನ್ನು ಈಗಲೇ ಇವನ ಕೈಗೆ ದಾಟಿಸದಿದ್ದರೆ ಅದೂ ಉಳಿಯುವುದಿಲ್ಲ.

ಧನರಾಜ ರೈನ್‌ಕೋಟಿನ ಟೋಪಿ ಹಿಂದಕ್ಕೆ ತಳ್ಳಿ, ಹೂವಿಗೆ ತಾಗದಷ್ಟು ದೂರದಲ್ಲಿ ಬಗ್ಗಿ ಕಣ್ಣು ಮುಚ್ಚಿದ. ಬಾಳೆದಿಂಡು ಅವನಿಗೆ ಗೊತ್ತಿದ್ದ ವಿಷಯ.

"ದಿಂಡು... ಉಂಟು. ಸ್ವಲ್ಪ."

"ಸ್ವಲ್ಪವಾ, ಸರಿಯಾಗಿಯಾ?"

"ನನಗೆ ಹೇಗೆ ಗೊತ್ತಾಗ್ಬೇಕು ಮಾರಾಯ್ತಿ? ನಾನು ಇವತ್ತು ಸುರು ಮಾಡಿದ್ದು."

ಮೆಟ್ಟಿಲ ಮೇಲೆ ಯಾರೋ ಹೆಂಗಸು ಕೊಡೆ ಮಡಚುತ್ತ, ದೇವರಿಗೆ ಎರಡು ಚೆಂಡು ಬೇಕು, ಬೇಗ ಕೊಡಿ, ಲೋಕಲ್ ತಪ್ಪುತ್ತದೆ ಎಂದಳು. ವಿನೋದಿನಿಯ ಕೈ ಎಲೆಯ ಮೇಲೆಯೇ ಇತ್ತು.

"ಒಂದು ನಿಮಿಷ ನಿಲ್ಲಿ ಅಕ್ಕ" ಎಂದಳು. ಗಂಡನ ಕಡೆ ತಿರುಗಿ, "ಇನ್ನೊಮ್ಮೆ ನೋಡಿ" ಎಂದಳು.

ಅವನು ಟೆಂಪೋದ ಕಡೆ ನೋಡಿದ. ಗೊಣಗಿದ. ಮತ್ತೆ ಬಗ್ಗಿದ.